ವಿಶೇಷ ಮಕ್ಕಳ ವಿದ್ಯೆ: ಹಾಜರಿ ಪುಸ್ತಕದಾಚೆ

ಕಳೆದ ಶ್ರಾವಣದಲ್ಲಿ ಭದ್ರಾವತಿಯ ಜನ್ನಾಪುರದ ಭಕ್ತರೊಬ್ಬರ ಮನೆಗೆ ಪೂಜಾನಿಮಿತ್ತ ಹೋಗಿದ್ದೆವು. ಮನೆಯ ಯಜಮಾನರು ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಪ್ರಸಾದವಾದ ಮೇಲೆ ಪಡಸಾಲೆಯಲ್ಲಿ ಕುಳಿತಿದ್ದಾಗ ಹತ್ತು ವರ್ಷದ ಬಾಲಕಿಯೊಬ್ಬಳು ಗೋಡೆ ಹಿಡಿದು ನಡೆಯುತ್ತ ಬಂದು, ಎರಡೂ ಕೈಗಳನ್ನು ಪ್ರಯಾಸದಿಂದ ಕೂಡಿಸಿ ನಮಗೆ ಶರಣೆಂದಳು. ಯಜಮಾನರ ಮೊಮ್ಮಗಳು. ಹುಟ್ಟುವಾಗಲೇ ಮಿದುಳಿಗೆ ಪೆಟ್ಟಾಗಿ ಕೈಕಾಲುಗಳ ಮೇಲೆ ಹಿಡಿತ ಕಡಿಮೆ, ಮಾತು ತೊದಲು. ಆದರೆ ಕಣ್ಣುಗಳಲ್ಲಿ ಎಲ್ಲವನ್ನೂ ಗ್ರಹಿಸುವ ಚುರುಕಿದೆ.

"ಅಯ್ಯನೋರೆ, ಇವಳ ಹೆಸರು ಶಾಲೆ ಹಾಜರಿ ಪುಸ್ತಕದಾಗೆ ಬಂದು ನಾಲ್ಕು ವರ್ಷ ಆತು. ಕಾನೂನು ಐತೆ, ಸೇರಿಸ್ಕೊಳ್ಳಲ್ಲ ಅನ್ನಂಗಿಲ್ಲ ಅಂತಾರೆ. ಸೇರಿಸ್ಕೊಂಡ್ರು. ಆದ್ರೆ ಇವಳಿಗೆ ಕಲಿಸೋರು ಯಾರು ಅನ್ನೋದು ಮಾತ್ರ ನಮಗೆ ಇನ್ನೂ ಗೊತ್ತಾಗಿಲ್ಲ" ಎಂದರು ಯಜಮಾನರು.

ಆ ಪ್ರಶ್ನೆಗೆ ಅಂದು ನಮ್ಮಲ್ಲಿ ಉತ್ತರವಿರಲಿಲ್ಲ. ಮರಳಿ ಬಂದ ಮೇಲೆ ಬಲ್ಲವರನ್ನು ವಿಚಾರಿಸಿ, ಕಾಯಿದೆಗಳನ್ನು ತರಿಸಿ ಓದಿ, ತಿಳಿದಷ್ಟನ್ನು ವಾಚಕ ಬಂಧುಗಳ ಮುಂದಿಡುತ್ತಿದ್ದೇವೆ. ಇಂಥ ಮಗುವಿರುವ ಮನೆ ಅದೊಂದೇ ಅಲ್ಲ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ವಿಕಲಚೇತನರ ಸಂಖ್ಯೆ 13 ಲಕ್ಷ 24 ಸಾವಿರಕ್ಕೂ ಹೆಚ್ಚು.

ಈ ನಾಡಿಗೆ ಇಂಥ ವಿದ್ಯಾದಾನ ಹೊಸದೇನಲ್ಲ. ಮೈಸೂರಿನಲ್ಲಿ 1901ರಲ್ಲಿಯೇ ಕಿವುಡರ ಮತ್ತು ಕುರುಡರ ಶಾಲೆ ಆರಂಭವಾಗಿತ್ತು. ಇನ್ನು ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಅರಿಯದ ಲಿಂಗಾಯತ ಮನೆಯುಂಟೆ? ಸ್ವತಃ ಅಂಧರಾದ ಪಂಚಾಕ್ಷರ ಗವಾಯಿಗಳಿಗೆ ಹಾನಗಲ್ಲ ಕುಮಾರಸ್ವಾಮಿಗಳು ಸಂಗೀತ ಶಿಕ್ಷಣ ಕೊಡಿಸಿದರು. ಗವಾಯಿಗಳು ತಾವು ಪಡೆದುದನ್ನು ಅಂಧ ಬಾಲಕರಿಗೆ ಧಾರೆಯೆರೆದರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು 2010ರಲ್ಲಿ ಲಿಂಗೈಕ್ಯರಾಗುವವರೆಗೂ ಆ ಕಾಯಕವನ್ನು ನಡೆಸಿದರು. ಅಲ್ಲಿ ಕಲಿತವರು ಭಿಕ್ಷೆಗೆ ಹೋಗದೆ ವೇದಿಕೆ ಏರಿದರು.

ಆದರೆ ಎಲ್ಲ ಕಡೆಯೂ ಹಾಗಿರಲಿಲ್ಲ. ನಾವು ಮಠವೊಂದರ ಪಾಠಶಾಲೆಯಲ್ಲಿ ಓದುತ್ತಿದ್ದಾಗ ನಮ್ಮ ಜೊತೆಯಲ್ಲಿ ದೃಷ್ಟಿಹೀನ ಬಾಲಕನೊಬ್ಬನಿದ್ದ. ಗುರುಗಳು ಒಮ್ಮೆ ಹೇಳಿದ ಶ್ಲೋಕವನ್ನು ಮರುದಿನ ಬೆಳಿಗ್ಗೆ ಒಂದಕ್ಷರ ತಪ್ಪದೆ ಒಪ್ಪಿಸುತ್ತಿದ್ದ. ನಾವು ಪುಸ್ತಕ ನೋಡಿಕೊಂಡೂ ತಡವರಿಸುತ್ತಿದ್ದೆವು! ಪರೀಕ್ಷೆ ಬಂದಾಗ ಅವನ ಪರವಾಗಿ ಬರೆಯುವವರನ್ನು ಒದಗಿಸುವ ವ್ಯವಸ್ಥೆ ಇಲ್ಲವೆಂಬ ಉತ್ತರ ಬಂತು. ನಾವೆಲ್ಲ ಪ್ರಮಾಣಪತ್ರ ಪಡೆದೆವು. ನಮಗಿಂತ ಹೆಚ್ಚು ಬಲ್ಲ ಅವನು ಬರಿಗೈಯಲ್ಲಿ ಊರಿಗೆ ಮರಳಿದ. ಇಂದು ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಅಂಥವರಿಗೆ ಲಿಪಿಕಾರರೂ ಹೆಚ್ಚುವರಿ ಸಮಯವೂ ದೊರೆಯುತ್ತವೆ. ಹಿಂದಿನದೆಲ್ಲ ಚೆನ್ನಾಗಿತ್ತು ಎನ್ನುವವರು ಇದನ್ನು ಮರೆಯಬಾರದು.

ಹಾಗಾದರೆ ಬದಲಾದುದೇನು? 1974ರಲ್ಲಿ ಕೇಂದ್ರ ಸರ್ಕಾರ ವಿಕಲಾಂಗ ಮಕ್ಕಳನ್ನು ಸಾಮಾನ್ಯ ಶಾಲೆಗಳಲ್ಲಿಯೇ ಓದಿಸುವ ಯೋಜನೆಯೊಂದನ್ನು ತಂದಿತು. 1994ರಲ್ಲಿ ಸ್ಪೇನ್ ದೇಶದ ಸಲಮಾಂಕಾ ನಗರದಲ್ಲಿ ಸೇರಿದ ವಿಶ್ವ ಸಮ್ಮೇಳನ ಅದೇ ಮಾರ್ಗವನ್ನು ಎತ್ತಿಹಿಡಿಯಿತು. 1995ರಲ್ಲಿ ನಮ್ಮ ಸಂಸತ್ತು ಕಾಯಿದೆ ಮಾಡಿತು. 2009ರ ಶಿಕ್ಷಣ ಹಕ್ಕು ಕಾಯಿದೆಗೆ 2012ರಲ್ಲಿ ತಿದ್ದುಪಡಿಯಾಗಿ, ತೀವ್ರ ನ್ಯೂನತೆಯುಳ್ಳ ಮಗು ಮನೆಯಲ್ಲಿಯೇ ಕಲಿಯುವ ಹಕ್ಕೂ ಅದರಲ್ಲಿ ಸೇರಿತು. 1995ರ ಕಾಯಿದೆಯಲ್ಲಿ ಏಳು ಬಗೆಯ ನ್ಯೂನತೆಗಳಷ್ಟೇ ಇದ್ದವು. ಅದರ ಸ್ಥಾನದಲ್ಲಿ ಬಂದ 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಲ್ಲಿ ಇಪ್ಪತ್ತೊಂದು. ಆಟಿಸಂ, ಮಿದುಳಿನ ಪಾರ್ಶ್ವವಾಯು, ನಿರ್ದಿಷ್ಟ ಕಲಿಕಾ ನ್ಯೂನತೆ ಇವೆಲ್ಲ ಹೀಗೆ ಹೆಸರು ಪಡೆದವು. ಅಕ್ಷರಗಳು ತಿರುಗುಮುರುಗಾಗಿ ತೋರುವ ಮಗುವನ್ನು ನಮ್ಮ ಕಾಲದ ಮೇಷ್ಟ್ರುಗಳು ದಡ್ಡನೆಂದು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಎಷ್ಟು ಮಕ್ಕಳು ಹಾಗೆ ನಿಂತು ನಿಂತು ಶಾಲೆ ಬಿಟ್ಟರೋ ಶಿವನೇ ಬಲ್ಲ.

ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚಿನ ನ್ಯೂನತೆಯುಳ್ಳ ಮಗುವಿಗೆ ಆರರಿಂದ ಹದಿನೆಂಟು ವರ್ಷದವರೆಗೆ ಉಚಿತ ಶಿಕ್ಷಣ ಈಗ ಹಕ್ಕು. ಶಾಲೆ ಸಮೀಪದ್ದೋ ವಿಶೇಷ ಶಾಲೆಯೋ ಎಂಬ ಆಯ್ಕೆ ಕುಟುಂಬದ್ದು. 2018ರಲ್ಲಿ ಹಳೆಯ ಯೋಜನೆಗಳೆಲ್ಲ ಸಮಗ್ರ ಶಿಕ್ಷಣದಲ್ಲಿ ವಿಲೀನಗೊಂಡ ಮೇಲೆ ಇಂಥ ಪ್ರತಿ ಮಗುವಿನ ಲೆಕ್ಕಕ್ಕೆ ವರ್ಷಕ್ಕೆ 3,500 ರೂಪಾಯಿ, ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿ ವಿದ್ಯಾರ್ಥಿವೇತನ ಎಂದು ನಿಗದಿಯಾಯಿತು. ಜನ್ನಾಪುರದ ಯಜಮಾನರಿಗೆ ಇದರಲ್ಲಿ ಅರ್ಧ ತಿಳಿದಿರಲಿಲ್ಲ. ಓದಿದ ನಮಗೂ ತಿಳಿದಿರಲಿಲ್ಲವೆಂದು ಒಪ್ಪಿಕೊಳ್ಳಲು ಸಂಕೋಚವಿಲ್ಲ.

ಆದರೆ ಅವರ ಪ್ರಶ್ನೆ ಹಣದ್ದಲ್ಲ, ಗುರುವಿನದು. ಸಾಮಾನ್ಯ ಶಾಲೆಯ ಶಿಕ್ಷಕಿ ನಲವತ್ತು ಮಕ್ಕಳ ನಡುವೆ ಈ ಬಾಲಕಿಯ ಕೈಹಿಡಿದು ಬಳಪ ಓಡಿಸಲು ಸಮಯವೆಲ್ಲಿಂದ ತರಬೇಕು? ಆ ಕಲೆಯಲ್ಲಿ ಆಕೆಗೆ ತರಬೇತಿಯೂ ಆಗಿಲ್ಲ. ಅದಕ್ಕಾಗಿ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರಿದ್ದಾರೆ. ಬೆರಳೆಣಿಕೆಯ ಆ ಶಿಕ್ಷಕರು ಇಡೀ ತಾಲ್ಲೂಕಿನ ಶಾಲೆಗಳನ್ನು ಸುತ್ತಬೇಕು, ಮನೆಯಲ್ಲಿಯೇ ಇರುವ ಮಕ್ಕಳನ್ನು ಕಾಣಬೇಕು, ವೈದ್ಯಕೀಯ ತಪಾಸಣಾ ಶಿಬಿರ ನಡೆಸಬೇಕು, ಅಂಕಿ-ಅಂಶ ಕಳುಹಿಸಬೇಕು. ಬಸ್ಸಿಳಿದು ಹಳ್ಳಿಯ ಮನೆಯೊಂದಕ್ಕೆ ನಡೆದುಹೋಗುವಷ್ಟರಲ್ಲಿ ಮಗು ಮಲಗಿರುತ್ತದೆ.

ಒಂದು ಮಾತು ಇಲ್ಲಿ ಬಿಡಿಸಿ ಹೇಳಬೇಕು. ವಿಶೇಷ ಶಿಕ್ಷಕರಾಗುವುದು ಸುಲಭವಲ್ಲ. 1992ರ ಕಾಯಿದೆಯಂತೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಆಗಲೇಬೇಕು, ವಿಶೇಷ ಬಿ.ಎಡ್. ವ್ಯಾಸಂಗ ಎರಡು ವರ್ಷದ್ದು. ಇಷ್ಟು ಕಲಿತು ಬಂದವರಿಗೆ ದೇಶದ ಅನೇಕ ಕಡೆ ದೊರೆಯುವುದು ವರ್ಷವರ್ಷಕ್ಕೆ ನವೀಕರಣಗೊಳ್ಳುವ ಗುತ್ತಿಗೆಯ ಕೆಲಸ. ಈ ಸಂಕಟ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2021ರ ಅಕ್ಟೋಬರ್‌ನಲ್ಲಿ ನ್ಯಾಯಾಲಯ ಪ್ರಾಥಮಿಕ ಹಂತದಲ್ಲಿ ಹತ್ತು ವಿಶೇಷ ಮಕ್ಕಳಿಗೊಬ್ಬ, ಅದರ ಮೇಲಿನ ಹಂತದಲ್ಲಿ ಹದಿನೈದು ಮಕ್ಕಳಿಗೊಬ್ಬ ವಿಶೇಷ ಶಿಕ್ಷಕರಿರಬೇಕೆಂದಿತು. ಆಮೇಲೆಯೂ ಹುದ್ದೆಗಳು ತುಂಬದಿರಲು, 2025ರ ಮಾರ್ಚ್‌ನಲ್ಲಿ ಎಲ್ಲ ರಾಜ್ಯಗಳೂ ಹುದ್ದೆಗಳನ್ನು ಮಂಜೂರು ಮಾಡಿ ಪ್ರಕಟಿಸಿ ಭರ್ತಿ ಮಾಡಬೇಕು, ಗುತ್ತಿಗೆಯಲ್ಲಿ ದುಡಿಯುತ್ತಿರುವ ಅರ್ಹರನ್ನು ಸಮಿತಿಯೊಂದು ಪರಿಶೀಲಿಸಬೇಕು ಎಂದು ಮತ್ತೆ ಆದೇಶಿಸಬೇಕಾಯಿತು. ಗುರುವಿಗೆ ಗುರುವಿನ ಸ್ಥಾನ ಕೊಡಿರೆಂದು ನ್ಯಾಯಾಲಯ ಎರಡು ಬಾರಿ ಹೇಳಬೇಕಾದುದು ನಮ್ಮಂಥ ಗುರುಪರಂಪರೆಯವರಿಗೆ ನಾಚಿಕೆಯ ಸಂಗತಿ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಇನ್ನೊಂದು ದಾರಿ ಸೂಚಿಸಿತು. ಸಾಮಾನ್ಯ ಶಿಕ್ಷಕರೇ ಅಲ್ಪಾವಧಿಯ ಪ್ರಮಾಣಪತ್ರ ವ್ಯಾಸಂಗ ಮಾಡಿ ವಿಶೇಷ ಶಿಕ್ಷಣದಲ್ಲಿಯೂ ಪರಿಣತಿ ಪಡೆಯಬಹುದೆಂದು ಅದರ ಅಭಿಪ್ರಾಯ. ಪ್ರತಿ ಶಿಕ್ಷಕರಿಗೂ ಇದರ ಅರಿವಿರುವುದು ಒಳ್ಳೆಯದೇ. ಆದರೆ ಬ್ರೈಲ್ ಲಿಪಿಯಾಗಲಿ ಸಂಜ್ಞಾಭಾಷೆಯಾಗಲಿ ಕೆಲವು ತಿಂಗಳಲ್ಲಿ ಕರಗತವಾಗುವ ವಿದ್ಯೆಯಲ್ಲ. ಅರೆಬರೆ ಕಲಿತವರು ಬಂದಮೇಲೆ ಪೂರ್ಣ ಕಲಿತವರ ಹುದ್ದೆಗೆ ಬೆಲೆ ಉಳಿಯುವುದೆ ಎಂಬುದು ನಮ್ಮ ಸಂದೇಹ. ನಮ್ಮ ರಾಜ್ಯವಂತೂ ಆ ನೀತಿಯನ್ನು ಕೈಬಿಟ್ಟು 2023ರಲ್ಲಿ ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ಪ್ರತ್ಯೇಕ ಆಯೋಗ ರಚಿಸಿತು. ಆಯೋಗ 2025ರ ಆಗಸ್ಟ್‌ನಲ್ಲಿ ವರದಿ ನೀಡಿತು. ಒಂದು ನೀತಿ ಬೇರೂರುವ ಮುನ್ನ ಇನ್ನೊಂದು ಬರುತ್ತದೆ. ಸಾಮಾನ್ಯ ಮಗು ಹೇಗೋ ಹೊಂದಿಕೊಂಡೀತು. ಒಬ್ಬ ಶಿಕ್ಷಕಿಯ ದನಿ, ಸ್ಪರ್ಶಗಳಿಗೆ ಒಗ್ಗಲು ಆರು ತಿಂಗಳು ಬೇಕಾಗುವ ಮಗು ಏನು ಮಾಡಬೇಕು?

ಇನ್ನು ವಿಶೇಷ ಶಾಲೆಗಳ ಸ್ಥಿತಿ. ಇವುಗಳಲ್ಲಿ ಬಹುಪಾಲು ಸ್ವಯಂಸೇವಾ ಸಂಸ್ಥೆಗಳು ನಡೆಸುವಂಥವು. ಅನುದಾನ ಬರುವುದು ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯಿಂದ. ಊರಿನ ಸಾಮಾನ್ಯ ಶಾಲೆಯೋ ಶಿಕ್ಷಣ ಇಲಾಖೆಯದು. ಒಂದೇ ಮಗು, ಒಂದೇ ಅಕ್ಷರ. ಇಲಾಖೆ ಮಾತ್ರ ಎರಡು. ಆದ್ದರಿಂದ ವಿಶೇಷ ಶಾಲೆಯ ಗೌರವಧನದ ಶಿಕ್ಷಕಿ, ಸಾಮಾನ್ಯ ಶಾಲೆಯ ಶಿಕ್ಷಕಿಯ ವೇತನವನ್ನೂ ನಿವೃತ್ತಿ ಸೌಲಭ್ಯವನ್ನೂ ದೂರದಿಂದ ನೋಡುತ್ತ ದುಡಿಯಬೇಕಾಗಿದೆ. ಎಲ್ಲ ಮಕ್ಕಳೂ ಒಂದೇ ಶಾಲೆಯಲ್ಲಿ ಕೂಡಿ ಕಲಿಯಲಿ ಎಂಬ ತತ್ತ್ವ ಉದಾತ್ತವಾದುದು, ಅನುಭವ ಮಂಟಪದ ನೆನಪು ತರುವಂಥದು. ಹಾಗೆಂದು ಕಲಿಸುವವರನ್ನು ಕೊಡದೆ ಕೂಡಿಸಿದರೆ ಮಗು ಹಿಂದಿನ ಸಾಲಿನಲ್ಲಿ ಕುಳಿತು ಮನೆಗೆ ಬರುತ್ತದೆ, ಅಷ್ಟೆ.

ಮನೆಯವರಿಗೂ ಒಂದು ವಿನಂತಿ ಇದೆ. ಪ್ರಾರಬ್ಧಕರ್ಮವೆಂದು ಮಗುವನ್ನು ಒಳಕೋಣೆಯಲ್ಲಿರಿಸುವ, ನೆಂಟರು ಬಂದಾಗ ಬಾಗಿಲು ಮುಂದೆ ಮಾಡುವ ಮನೆಗಳನ್ನು ನಾವು ಕಂಡಿದ್ದೇವೆ. ಸರ್ಕಾರಿ ಆಸ್ಪತ್ರೆಯ ತಪಾಸಣೆ ಮಾಡಿಸಿ ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ ಪಡೆಯುವುದಕ್ಕೂ ಕೆಲವರು ಒಪ್ಪುವುದಿಲ್ಲ. ಅಕ್ಕನ ಮದುವೆಗೆ ಅಡ್ಡಿಯಾದೀತೆಂಬ ಭಯ. ಆ ಚೀಟಿ ಇಲ್ಲದಿದ್ದರೆ ಮೇಲೆ ಹೇಳಿದ ಸೌಲಭ್ಯಗಳಲ್ಲಿ ಹಲವು ಕೈಗೆಟುಕುವುದಿಲ್ಲ. ಚೀಟಿ ಮಾಡಿಸಿರಿ. ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ ಹೋಗಿ ಸಂಪನ್ಮೂಲ ಶಿಕ್ಷಕರು ಯಾರೆಂದು ಕೇಳಿರಿ. ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಈ ವಿಷಯ ಎತ್ತಿರಿ.

ಜನ್ನಾಪುರದ ಯಜಮಾನರು ಹಾಗೆ ಹೋಗಿ ಕೇಳಿದರು. ಮೊನ್ನೆ ಮತ್ತೆ ಆ ಮನೆಗೆ ಹೋದಾಗ ಸಂಪನ್ಮೂಲ ಶಿಕ್ಷಕಿಯೊಬ್ಬರು ಚಾಪೆಯ ಮೇಲೆ ಬಾಲಕಿಯ ಎದುರು ಕುಳಿತಿದ್ದರು. ಬಳಪಕ್ಕೆ ಬಟ್ಟೆ ಸುತ್ತಿ ದಪ್ಪ ಮಾಡಿ, ಹಿಡಿಯಲು ಅನುಕೂಲವಾಗುವಂತೆ ಕಟ್ಟಿದ್ದರು. ಹುಡುಗಿ ಹಲಗೆಯ ತುಂಬ ಒಂದೇ ಒಂದು 'ರ' ಬರೆದಳು. ವಕ್ರವಾಗಿತ್ತು, ಆದರೂ 'ರ' ಎಂದು ಓದಬಹುದಾಗಿತ್ತು. ಅಜ್ಜಿ ಒಳಗಿನಿಂದ ಎಲ್ಲರಿಗೂ ಹಾಲು ತಂದರು.

"ಮುಂದಿನ ಗುರುವಾರ ಬರ್ತೀರಲ್ಲ ಮೇಡಂ?" ಎಂದು ಯಜಮಾನರು ಕೇಳಿದರು. ಆಕೆ ಚೀಲದಿಂದ ದಿನಚರಿ ತೆಗೆದು ನೋಡಿದರು. "ಗುರುವಾರ ಶಿಬಿರ ಐತೆ ಅಜ್ಜಾರೆ, ಅದರ ಮುಂದಿನ ವಾರ ಹಳ್ಳಿ ಕಡೆ ಹೋಗ್ಬೇಕು. ಮೂರನೇ ವಾರ ಬರ್ತೀನಿ" ಎಂದು ಬರೆದುಕೊಂಡರು. ಅಲ್ಲಿಯವರೆಗೆ ದಿನಕ್ಕೆ ಹತ್ತು ಬಾರಿ 'ರ' ತಿದ್ದಿಸುವ ಕೆಲಸವನ್ನು ಅಜ್ಜನೇ ವಹಿಸಿಕೊಂಡಿದ್ದಾರೆ.