ಬೆಳಗಾವಿಯ ಪ್ರತಿಮೆಯೂ ಕಿತ್ತೂರಿನ ದತ್ತಕವೂ

ಬೆಳಗಾವಿಯ ಚನ್ನಮ್ಮ ವೃತ್ತದಲ್ಲಿ ಅಶ್ವಾರೂಢೆಯಾಗಿ ವಿರಾಜಿಸುವ ಕಿತ್ತೂರಿನ ರಾಣಿಯ ಪ್ರತಿಮೆಯು ಸರ್ವರಿಗೂ ಪರಿಚಿತವಾದುದು. ಆಕೆಯ ಜನ್ಮಸ್ಥಳವಾದ ಕಾಕತಿಯು ನಗರದ ಸಮೀಪದಲ್ಲಿಯೇ ಇರುವುದು. 2010ರಲ್ಲಿ ಇಲ್ಲಿ ಸ್ಥಾಪಿತವಾದ ವಿಶ್ವವಿದ್ಯಾಲಯಕ್ಕೂ ಆಕೆಯ ಹೆಸರನ್ನೇ ಇಡಲಾಗಿದೆ. 2007ರಲ್ಲಿ ದೆಹಲಿಯ ಸಂಸತ್ ಭವನದ ಆವರಣದಲ್ಲಿಯೂ ಆಕೆಯ ಪ್ರತಿಮೆಯು ಅನಾವರಣಗೊಂಡಿತು. ದೇಶವೇ ಮನ್ನಿಸಿದ ವೀರಮಾತೆಯನ್ನು ತವರುನಾಡಿನ ನಗರವು ಗೌರವಿಸುವುದು ಯುಕ್ತವೇ ಸರಿ. ಆದರೆ ಪ್ರತಿಮೆಯು ಯುದ್ಧವನ್ನು ತೋರಿಸಬಲ್ಲುದಲ್ಲದೆ ಯುದ್ಧಕ್ಕೆ ಮೂಲವಾದ ವ್ಯವಹಾರವನ್ನು ತೋರಿಸಲಾರದು.

ಆ ಮೂಲವಾವುದು? ಕಪ್ಪವೆಂದೇ ಬಹುಜನರ ಉತ್ತರ. 1961ರ ಚಲಚ್ಚಿತ್ರವು ಈ ಭಾವನೆಯನ್ನು ಮನೆಮನೆಗೂ ಮುಟ್ಟಿಸಿತು. ವಾಸ್ತವವಾಗಿ, ಪೇಶ್ವೆಯ ಪತನಾನಂತರ ಕಿತ್ತೂರು ಕಂಪೆನಿಗೆ ಕಪ್ಪವನ್ನು ಸಲ್ಲಿಸುವ ಕರಾರಿನ ಮೇಲೆಯೇ ಉಳಿದಿದ್ದಿತು. ವಿವಾದವು ಹುಟ್ಟಿದುದು ದತ್ತಕದಿಂದ. ಮಲ್ಲಸರ್ಜ ದೇಸಾಯಿಯ ಹಿರಿಯ ರಾಣಿ ರುದ್ರಮ್ಮನ ಮಗನಾದ ಶಿವಲಿಂಗರುದ್ರಸರ್ಜನು 1824ರ ಸೆಪ್ಟೆಂಬರಿನಲ್ಲಿ ನಿಸ್ಸಂತಾನನಾಗಿ ತೀರಿಕೊಂಡನು. ಅವನು ದತ್ತು ತೆಗೆದುಕೊಂಡಿದ್ದ ಬಾಲಕನ ಹಕ್ಕನ್ನು ಧಾರವಾಡದ ಕಲೆಕ್ಟರನಾದ ಥ್ಯಾಕರೆಯು ಅಂಗೀಕರಿಸದೆ, ಸಂಸ್ಥಾನದ ಬೊಕ್ಕಸಕ್ಕೆ ಮುದ್ರೆ ಹಾಕಿಸಿದನು. ಡಾಲ್‌ಹೌಸಿಯು ಗವರ್ನರ್ ಜನರಲನಾಗಿ ಬಂದು ದತ್ತಕಗಳನ್ನು ನಿರಾಕರಿಸುವ ನೀತಿಯಿಂದ ಪ್ರಸಿದ್ಧನಾಗುವುದಕ್ಕೆ ಇನ್ನೂ 24 ವರ್ಷಗಳಿದ್ದುವು! ಖಡ್ಗವನ್ನು ಹಿರಿಯುವುದಕ್ಕೆ ಮೊದಲು ಚನ್ನಮ್ಮನು ಹೂಡಿದುದು ಹಕ್ಕಿನ ವಾದ. ಆಕೆಯ ಹಿರಿಮೆಯು ಇದರಲ್ಲಿಯೂ ಇದೆಯೆಂದು ನಮ್ಮ ಅಭಿಪ್ರಾಯ. ತರಗತಿಯಲ್ಲಿ ಇದನ್ನು ಬಿಟ್ಟು ಬರಿಯ ಕಪ್ಪದ ಮಾತನ್ನೇ ಹೇಳಿದರೆ ಆಕೆಯ ವಿವೇಕಕ್ಕೆ ಅನ್ಯಾಯವಾದೀತು.

ಅಕ್ಟೋಬರ್ 23ರಂದು ಥ್ಯಾಕರೆಯು ಕೋಟೆಯ ಮುಂದೆ ಹತನಾದನು. ಸೆರೆಸಿಕ್ಕ ಇಬ್ಬರು ಅಧಿಕಾರಿಗಳಲ್ಲಿ ಒಬ್ಬನು ವಾಲ್ಟರ್ ಎಲಿಯಟ್. ಶಾಸನಾಭ್ಯಾಸಿಗಳಿಗೆ ಈ ಹೆಸರು ಹೊಸದಲ್ಲ. ಮುಂದೆ ಕರ್ನಾಟಕದ ನೂರಾರು ಶಾಸನಗಳನ್ನು ಪ್ರತಿ ಮಾಡಿಸಿ ಸಂಗ್ರಹಿಸಿದವನು ಇವನೇ. ಫ್ಲೀಟ್ ಮೊದಲಾದವರ ಸಂಶೋಧನೆಗೆ ಆ ಸಂಗ್ರಹವು ಆಧಾರವಾಯಿತು. ಕಿತ್ತೂರಿನವರು ಅವನನ್ನು ಜೀವಸಹಿತ ಬಿಟ್ಟುಕೊಟ್ಟುದರಿಂದ ನಮ್ಮ ಇತಿಹಾಸಕ್ಕೆ ಆದ ಲಾಭವನ್ನು ಯಾರೂ ಅಷ್ಟಾಗಿ ಎಣಿಸಿದಂತಿಲ್ಲ.

ಡಿಸೆಂಬರಿನ ಆದಿಯಲ್ಲಿ ಕೋಟೆಯು ಬಿದ್ದಿತು. ರಾಣಿಯು ಬೈಲಹೊಂಗಲದ ಬಂಧನದಲ್ಲಿದ್ದು 1829ರಲ್ಲಿ ಅಲ್ಲಿಯೇ ಕಾಲವಶಳಾದಳು. ಆಕೆಯ ಸಮಾಧಿಯು ಆ ಊರಿನಲ್ಲಿದೆ; ಬೆಳಗಾವಿಯ ಪ್ರತಿಮೆಯನ್ನು ವಿದ್ಯಾರ್ಥಿಗಳಿಗೆ ತೋರಿಸುವ ಅಧ್ಯಾಪಕರು ಅವರನ್ನು ಅಲ್ಲಿಗೂ ಕರೆದೊಯ್ಯಬಹುದು.