ಮನೆಯೊಳಗಿನ ಅಪಘಾತ: ಮಳೆಗಾಲಕ್ಕೆ ಮೊದಲೇ ಎಚ್ಚರ

ಅಪಘಾತ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಹೆದ್ದಾರಿ, ಲಾರಿ, ಬಸ್ಸು. ಅಂಕೋಲೆಯ ಪಕ್ಕದ ಕೇಣಿಯಂಥ ಕಡಲತೀರದ ಊರಿನಲ್ಲಾದರೆ ಮಗುಚಿದ ದೋಣಿ. ಆದರೆ ಚಿಕ್ಕ ಮಕ್ಕಳು ಮತ್ತು ವಯಸ್ಸಾದವರು ದಿನದ ಬಹುಪಾಲು ಕಳೆಯುವುದು ಮನೆಯಲ್ಲಿ. ಅವರು ಜಾರಿ ಬೀಳುವುದು, ಸುಟ್ಟುಕೊಳ್ಳುವುದು, ತಿಳಿಯದೆ ವಿಷ ಕುಡಿಯುವುದು ಹೆಚ್ಚಾಗಿ ಅಲ್ಲಿಯೇ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಪ್ರತಿವರ್ಷ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ. ಸುಟ್ಟಗಾಯಗಳಿಂದ ಸಾಯುವವರು ಸುಮಾರು 1,80,000.

ಇಂಥದ್ದು ನಡೆದಾಗ 'ಹಣೆಬರಹ' ಎಂದು ನಿಟ್ಟುಸಿರು ಬಿಡುವವರೇ ಹೆಚ್ಚು. ನಿಜವಾಗಿ ನೋಡಿದರೆ ಮನೆಯ ಅಪಘಾತಗಳಿಗೆ ಗೊತ್ತಾದ ಜಾಗವಿದೆ, ಗೊತ್ತಾದ ಹೊತ್ತಿದೆ. ಆದ್ದರಿಂದಲೇ ಅವುಗಳನ್ನು ತಡೆಯಲು ಸಾಧ್ಯ.

ತಡೆಯುವುದು ನಮ್ಮ ಜಿಲ್ಲೆಯಲ್ಲಿ ಇನ್ನಷ್ಟು ಮುಖ್ಯ. ಅಂಕೋಲೆಯಲ್ಲಿ ತಾಲ್ಲೂಕು ಆಸ್ಪತ್ರೆಯಿದೆ, ಕಾರವಾರದಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಆದರೂ ಮೈಯೆಲ್ಲ ಸುಟ್ಟವರನ್ನು, ತಲೆಗೆ ದೊಡ್ಡ ಪೆಟ್ಟು ಬಿದ್ದವರನ್ನು ಹುಬ್ಬಳ್ಳಿ, ಮಣಿಪಾಲ, ಮಂಗಳೂರು ಇಲ್ಲವೇ ಗೋವೆಗೆ ಒಯ್ಯುವುದು ಇಲ್ಲಿನವರಿಗೆ ಹೊಸದಲ್ಲ. 2022ರಲ್ಲಿ ಸುಸಜ್ಜಿತ ಆಸ್ಪತ್ರೆ ಬೇಕೆಂದು ಜನ ದನಿಯೆತ್ತಿದ್ದೂ ಇದಕ್ಕಾಗಿಯೇ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿಯೇ ಮುಚ್ಚಿಹೋಯಿತು. ಮಳೆಗಾಲದಲ್ಲಿ ಆಸ್ಪತ್ರೆಯ ದಾರಿ ಯಾವಾಗಲೂ ತೆರೆದಿರುತ್ತದೆಂದು ನಂಬಿ ಕೂರುವಂತಿಲ್ಲ.

ಬಿಸಿನೀರು, ಬೆಂಕಿ

ಬಚ್ಚಲುಮನೆಯ ಹಂಡೆಯ ನೀರನ್ನು ಬಕೆಟ್ಟಿಗೆ ತೋಡುವಾಗ ಮೊದಲು ತಣ್ಣೀರು, ಆಮೇಲೆ ಬಿಸಿನೀರು ಎಂಬುದು ಮನೆಯ ನಿಯಮವಾಗಲಿ. 60 ಡಿಗ್ರಿ ಸೆಲ್ಸಿಯಸ್ ಬಿಸಿಯಿರುವ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮವನ್ನು ಆಳವಾಗಿ ಸುಡುತ್ತದೆ. ಮಗುವಿನ ತೆಳು ಚರ್ಮಕ್ಕೆ ಅಷ್ಟು ಹೊತ್ತೂ ಬೇಡ. ಗಂಜಿ ಬಸಿಯುವಾಗ, ಸಾರಿನ ಪಾತ್ರೆ ನೆಲಕ್ಕಿಳಿಸುವಾಗ ಅಂಬೆಗಾಲಿಡುವ ಮಗು ಹತ್ತಿರ ಇರಬಾರದು. ಪಾತ್ರೆ ಇಡಲು ಎತ್ತರದ ಕಟ್ಟೆಯಿದ್ದರೆ ಅರ್ಧ ಅಪಾಯ ಕಡಿಮೆ.

ಸುಟ್ಟರೆ ಏನು ಮಾಡಬೇಕು? ತಣ್ಣೀರನ್ನು ಗಾಯದ ಮೇಲೆ 20 ನಿಮಿಷ ಹರಿಯಬಿಡಿ. ಬಳೆ, ಉಂಗುರ ತೆಗೆಯಿರಿ. ಅಂಟಿಕೊಂಡ ಬಟ್ಟೆಯನ್ನು ಕೀಳಬೇಡಿ. ಟೂತ್‌ಪೇಸ್ಟ್, ಶಾಯಿ, ಅರಿಶಿನ, ಮಂಜುಗಡ್ಡೆ ಯಾವುದೂ ಬೇಡ. ಶುಚಿಯಾದ ತೆಳು ಬಟ್ಟೆ ಮುಚ್ಚಿ ವೈದ್ಯರಲ್ಲಿಗೆ ಒಯ್ಯಿರಿ. ಉಟ್ಟ ಬಟ್ಟೆಗೆ ಬೆಂಕಿ ತಾಗಿದರೆ ಓಡಬಾರದು. ನೆಲಕ್ಕೆ ಮಲಗಿ ಉರುಳಬೇಕು, ಉಳಿದವರು ಕಂಬಳಿ ಹೊದಿಸಬೇಕು.

ಬಾಟಲಿಯಲ್ಲಿ ಸೀಮೆಎಣ್ಣೆ

ನಾಡದೋಣಿಯ ಎಂಜಿನ್ನಿಗೆಂದು ತಂದ ಸೀಮೆಎಣ್ಣೆ ಮೀನುಗಾರರ ಮನೆಯಲ್ಲಿ ಇರುವುದು ಸಹಜ. ಅಪಾಯವಿರುವುದು ಅದನ್ನು ತಂಪುಪಾನೀಯದ ಖಾಲಿ ಬಾಟಲಿಗೆ ತುಂಬಿ ಮೂಲೆಯಲ್ಲಿಡುವುದರಲ್ಲಿ. ಬಾಯಾರಿದ ಮಗುವಿಗೆ ಬಾಟಲಿ ಗೊತ್ತು, ಒಳಗಿನದು ಗೊತ್ತಿಲ್ಲ. ಕುಡಿದ ಮಗುವಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗುವುದು ದೊಡ್ಡ ತಪ್ಪು. ವಾಂತಿಯಾಗುವಾಗ ಎಣ್ಣೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯ ತರುತ್ತದೆ. ಬಾಯಿ ಒರೆಸಿ, ನೆನೆದ ಬಟ್ಟೆ ಬದಲಿಸಿ, ಬಾಟಲಿಯ ಸಮೇತ ಆಸ್ಪತ್ರೆಗೆ ಹೋಗಿ. ಸೀಮೆಎಣ್ಣೆ, ಕೀಟನಾಶಕ, ಫಿನಾಯಿಲ್, ಮಾತ್ರೆಗಳು ಮಗುವಿನ ಕೈಗೆಟುಕದ ಎತ್ತರದಲ್ಲಿ, ಬೀಗದೊಳಗೆ ಇರಲಿ.

ಹಾವಸೆ ಮತ್ತು ನೀರು

ಕರಾವಳಿಯ ಮಳೆಯಲ್ಲಿ ಚಿರೆಕಲ್ಲಿನ ಮೆಟ್ಟಿಲು, ಬಾವಿಕಟ್ಟೆ, ಬಚ್ಚಲಿನ ಹಾದಿ ಎಲ್ಲವೂ ಹಾವಸೆ ಕಟ್ಟುತ್ತವೆ. ವಯಸ್ಸಾದವರು ಒಮ್ಮೆ ಜಾರಿ ಸೊಂಟದ ಬಳಿ ಎಲುಬು ಮುರಿದುಕೊಂಡರೆ ಹಲವರು ಮತ್ತೆ ಮೊದಲಿನಂತೆ ನಡೆಯುವುದೇ ಇಲ್ಲ. ವಾರಕ್ಕೊಮ್ಮೆ ಬ್ಲೀಚಿಂಗ್ ಪುಡಿ ಹಾಕಿ ಗಟ್ಟಿ ಪೊರಕೆಯಿಂದ ತಿಕ್ಕಿ ತೊಳೆಯಿರಿ. ಅದರೊಂದಿಗೆ ಆ್ಯಸಿಡ್ ಬೆರೆಸಬೇಡಿ, ವಿಷಾನಿಲ ಏಳುತ್ತದೆ. ಬಚ್ಚಲಿನ ಗೋಡೆಗೆ ಹಿಡಿಯಲು ಒಂದು ಕಂಬಿ, ರಾತ್ರಿ ಎದ್ದು ಹೋಗುವ ದಾರಿಯಲ್ಲಿ ಒಂದು ಸಣ್ಣ ದೀಪ ಇರಲಿ. ಇದಕ್ಕೆ ಆಗುವ ಖರ್ಚು ಶಸ್ತ್ರಚಿಕಿತ್ಸೆಯ ಖರ್ಚಿನ ಮುಂದೆ ಏನೇನೂ ಅಲ್ಲ.

ಕಟ್ಟೆಯಿಲ್ಲದ ಬಾವಿಗೆ ಎದೆಯೆತ್ತರದ ಕಟ್ಟೆ ಕಟ್ಟಿಸಿ, ಮೇಲೆ ಜಾಲರಿ ಮುಚ್ಚಿ. ತಲೆಕೆಳಗಾಗಿ ಬಿದ್ದ ಎಳೆಮಗು ಮುಳುಗಲು ಬಕೆಟ್ಟಿನ ತಳದ ಗೇಣುದ್ದ ನೀರೂ ಸಾಕು. ಕೆಲಸ ಮುಗಿದ ಬಕೆಟ್ಟು ಬೋರಲಾಗಿರಲಿ.

ಕರೆಂಟು

ಉಪ್ಪುಗಾಳಿಗೆ ಸ್ವಿಚ್ಚು, ತಂತಿ, ಅರ್ತಿಂಗ್ ಬೇಗ ತುಕ್ಕು ಹಿಡಿಯುತ್ತವೆ. ಮಳೆಗೆ ಮೊದಲು ತಿಳಿದವರಿಂದ ಪರೀಕ್ಷೆ ಮಾಡಿಸಿ. 30 ಮಿಲಿಆಂಪಿಯರ್ ಸೋರಿಕೆಗೇ ಕರೆಂಟು ಕಡಿಯುವ ಆರ್‌ಸಿಸಿಬಿ ಉಪಕರಣ ಹಾಕಿಸಿ. ನೀರು ಕಾಯಿಸುವ ರಾಡು ಬಕೆಟ್ಟಿನಲ್ಲಿರುವಾಗ ನೀರಿಗೆ ಕೈಯಿಡಬೇಡಿ. ಷಾಕ್ ತಗುಲಿದವರನ್ನು ಮುಟ್ಟುವ ಮೊದಲು ಮೈನ್ ಸ್ವಿಚ್ ಆರಿಸಿ. ಬಟ್ಟೆ ಒಣಗಿಸಲು ಲೋಹದ ತಂತಿ ಬೇಡ, ನೈಲಾನ್ ಹಗ್ಗ ಕಟ್ಟಿ.

ಹಾವು

2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಸಾಲಿಗೆ ಸೇರಿಸಿತು. ಕಡಂಬಳ ಅಥವಾ ಕಟ್ಟುಹಾವು ರಾತ್ರಿ ಸಂಚರಿಸುತ್ತದೆ, ನೆಲದ ಮೇಲೆ ಮಲಗಿದವರನ್ನು ಕಡಿಯುತ್ತದೆ. ಕಡಿದದ್ದು ಅನೇಕ ಸಲ ಗೊತ್ತೇ ಆಗದು. ಆದಷ್ಟು ಮಂಚದ ಮೇಲೆ ಮಲಗಿ, ಸೊಳ್ಳೆಪರದೆಯನ್ನು ಹಾಸಿಗೆಯಡಿ ಸಿಕ್ಕಿಸಿ. ಕಟ್ಟಿಗೆ, ತೆಂಗಿನ ಗರಿಯ ರಾಶಿ ಗೋಡೆಯಿಂದ ದೂರವಿರಲಿ. ಕಡಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು, ಮಂತ್ರಕ್ಕೆಂದು ಹೊತ್ತು ಕಳೆಯುವುದು ಬೇಡ. ಕಡಿದ ಕೈಕಾಲು ಅಲುಗದಂತೆ ಇಟ್ಟು ಆಸ್ಪತ್ರೆಗೆ ಧಾವಿಸಿ. ಅದಕ್ಕೆ ಮದ್ದು ಆಸ್ಪತ್ರೆಯಲ್ಲಿ ಸಿಗುವ ಪ್ರತಿವಿಷ ಒಂದೇ.

ಬರುವ ಭಾನುವಾರ ಅರ್ಧ ಗಂಟೆ ಬಿಡುವು ಮಾಡಿಕೊಳ್ಳಿ. ಮನೆಮಂದಿಯೆಲ್ಲ ಸೇರಿ ಬಚ್ಚಲಿನಿಂದ ಬಾವಿಯವರೆಗೆ ಒಂದು ಸುತ್ತು ಬನ್ನಿ. ಒಮ್ಮೆ ಮಗುವಿನ ಎತ್ತರಕ್ಕೆ ಕುಳಿತು ನೋಡಿ: ಕೈಗೆ ಏನೇನು ಸಿಗುತ್ತದೆ? ಇನ್ನೊಮ್ಮೆ ಅಜ್ಜಿಯ ಕಾಲಿನಿಂದ ನಡೆದು ನೋಡಿ: ಎಲ್ಲಿ ಜಾರುತ್ತದೆ, ಎಲ್ಲಿ ಕತ್ತಲೆಯಿದೆ? ಕಂಡ ದೋಷವನ್ನು ಅಂದೇ ಸರಿಪಡಿಸಿ. ಕೊನೆಗೆ ಆಂಬುಲೆನ್ಸಿನ 108 ಸಂಖ್ಯೆಯನ್ನೂ, ರಾತ್ರಿಹೊತ್ತು ಗಾಡಿ ಕೊಡಬಲ್ಲ ನೆರೆಯವರ ಸಂಖ್ಯೆಯನ್ನೂ ಮಕ್ಕಳಿಗೂ ಓದಲು ಬರುವಷ್ಟು ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿ.