ತಾಳ ಕೇರಿಯದು, ಲಾಭ ಯಾರದು?

ಕಾರ್ಲಿನ್ಯೋಸ್ ಬ್ರೌನ್ ಹೆಸರು ಕೇಳಿರದವರೂ ‘ರಿಯೋ’ ಎಂಬ ಅನಿಮೇಷನ್ ಸಿನಿಮಾ ನೋಡಿರಬಹುದು. ಅದರ ಹಾಡೊಂದಕ್ಕೆ 2012ರಲ್ಲಿ ಆಸ್ಕರ್ ನಾಮನಿರ್ದೇಶನ ಪಡೆದ ಮೂವರಲ್ಲಿ ಇವರೂ ಒಬ್ಬರು. ಆದರೆ ನನಗೆ ಅದಕ್ಕಿಂತ ಮುಖ್ಯ ಅನ್ನಿಸೋದು ಅವರ ಕೇರಿಯ ಕಥೆ.

ಬ್ರೆಜಿಲ್‌ನ ಸಾಲ್ವಡೋರ್ ನಗರದ ಕಾಂಡಿಯಾಲ್‌ನಲ್ಲಿ 1962ರಲ್ಲಿ ಹುಟ್ಟಿದವರು ಬ್ರೌನ್. ಅದು ಬಡ ಕಪ್ಪುಜನರ ಬಡಾವಣೆ. ಗುಲಾಮರಾಗಿ ಬಂದ ಆಫ್ರಿಕನ್ನರ ತಾಳಗಳು ಉಳಿದಿರುವುದು ಇಂಥ ಕೇರಿಗಳಲ್ಲೇ. ಕಾರ್ನಿವಲ್ ಬಂದರೆ ಆ ತಾಳ ಎಲ್ಲರಿಗೂ ಬೇಕು. ಹಬ್ಬ ಮುಗಿದ ಮೇಲೆ ಅದನ್ನು ನುಡಿಸಿದವರ ಮನೆ, ಚರಂಡಿ, ಶಾಲೆ ಬಗ್ಗೆ ಕೇಳೋರು ಯಾರು?

ಬ್ರೌನ್ ಕೇಳಿದರು. 90ರ ದಶಕದ ಆರಂಭದಲ್ಲಿ ಕೇರಿಯ ಹುಡುಗರನ್ನೇ ಸೇರಿಸಿ ‘ಟಿಂಬಲಾಡಾ’ ತಂಡ ಕಟ್ಟಿದರು. 1994ರಲ್ಲಿ ‘ಪ್ರಾಕಾಟುಂ’ ಸಂಸ್ಥೆ ಶುರುಮಾಡಿದರು. ಅಲ್ಲಿ ಸಂಗೀತ ಪಾಠ ನಡೆಯಿತು, ಅದರ ಮೂಲಕವೇ ಬಡಾವಣೆಯ ಮನೆ, ನೈರ್ಮಲ್ಯದ ಕೆಲಸಗಳೂ ನಡೆದವು. 2002ರಲ್ಲಿ ಮರಿಸಾ ಮೊಂಚಿ, ಅರ್ನಾಲ್ಡೋ ಅಂಟೂನೆಸ್ ಜೊತೆಗಿನ ‘ಟ್ರಿಬಲಿಸ್ಟಾಸ್’ ಆಲ್ಬಂ ಭರ್ಜರಿ ಗೆದ್ದಾಗಲೂ ಕಾಂಡಿಯಾಲ್ ನಂಟು ಬಿಡಲಿಲ್ಲ.

ಹಾಗಂತ ಇದನ್ನು ಬರೀ ಸಾಧಕನ ಕಥೆಯಾಗಿ ಓದಿದರೆ ತಪ್ಪಾಗುತ್ತೆ. ಊರಿನ ನೈರ್ಮಲ್ಯ ಸರ್ಕಾರದ ಹೊಣೆ, ಡೋಲು ಬಾರಿಸೋನದ್ದಲ್ಲ. ಕೇರಿಯ ಕಲೆಯನ್ನು ದೇಶದ ಹೆಮ್ಮೆ ಅನ್ನೋರು, ಆ ಕೇರಿಯ ಜನರ ಹಕ್ಕನ್ನೂ ಒಪ್ಪಲೇಬೇಕು. ಚಪ್ಪಾಳೆ ಒಂದೇ ಸಾಲದು.